ಎಣ್ಣೆ ಸೋರಿತು, ಗಾಳಿ ಸೇರಿತು: ಹಡಗಿನ ಚುಕ್ಕಾಣಿಯ ಕಥೆ

ಪ್ಯಾಸ್ಕಲ್ ನಿಯಮವನ್ನು ಪಾಠ ಮಾಡುವಾಗ ನಾವೆಲ್ಲರೂ ಕರಿಹಲಗೆಯ ಮೇಲೆ ಬರೆಯುವ ಚಿತ್ರ ಒಂದೇ. ಎಡಕ್ಕೊಂದು ಸಣ್ಣ ಉರುಳೆ, ಬಲಕ್ಕೊಂದು ದೊಡ್ಡ ಉರುಳೆ, ಎರಡನ್ನೂ ಕೂಡಿಸುವ ಕೊಳವೆ, ಒಳಗೆ ದ್ರವ, ಮೇಲೆ ಎರಡು ಪಿಸ್ಟನ್‌ಗಳು. ಸಣ್ಣ ಪಿಸ್ಟನ್ನಿನ ಮೇಲೆ ಒಂದು ಕಿಲೋಗ್ರಾಂ ಇಟ್ಟರೆ ನೂರು ಪಟ್ಟು ವಿಸ್ತೀರ್ಣವುಳ್ಳ ದೊಡ್ಡ ಪಿಸ್ಟನ್ ನೂರು ಕಿಲೋಗ್ರಾಂ ಎತ್ತುತ್ತದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಲೆಕ್ಕ ಮಾಡುತ್ತಾರೆ, ಅಂಕ ಪಡೆಯುತ್ತಾರೆ. ಈ ಚಿತ್ರದಲ್ಲಿ ಪಿಸ್ಟನ್ನಿನ ಅಂಚಿನಿಂದ ದ್ರವ ಸೋರುವುದಿಲ್ಲ. ದ್ರವದೊಳಗೆ ಒಂದು ಗಾಳಿಗುಳ್ಳೆಯೂ ಇರುವುದಿಲ್ಲ. ಚಿತ್ರದಲ್ಲಿಲ್ಲದ ಈ ಎರಡರ ಜೊತೆ ಹೆಣಗಿದ್ದೇ ದ್ರವಚಾಲಿತ ಯಂತ್ರಗಳ ನಿಜವಾದ ಇತಿಹಾಸ. ಹಡಗಿನ ಚುಕ್ಕಾಣಿಯಲ್ಲಿ ಅದು ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು ಎಂಬುದು ನನ್ನ ಅಭಿಪ್ರಾಯ.

ಬ್ಲೇಸ್ ಪ್ಯಾಸ್ಕಲ್ ದ್ರವಗಳ ಸಮತೋಲವನ್ನು ಕುರಿತ ತನ್ನ ಪ್ರಬಂಧವನ್ನು ಬರೆದದ್ದು 1654ರ ಸುಮಾರಿಗೆ. ಅದು ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಒಂದು ಬಾಯಿ ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದಿರುವ, ನೀರು ತುಂಬಿದ ಪಾತ್ರೆಯಲ್ಲಿ ಸಣ್ಣ ಬಾಯಿಯ ಪಿಸ್ಟನ್ನನ್ನು ಒಬ್ಬ ಮನುಷ್ಯ ಒತ್ತಿದರೆ, ದೊಡ್ಡ ಬಾಯಿಯಲ್ಲಿ ನೂರು ಜನ ಒತ್ತುವ ಬಲಕ್ಕೆ ಅದು ಸಮನಾಗುತ್ತದೆ ಎಂದು ಅವನು ಅಲ್ಲಿ ವಿವರಿಸಿದ್ದಾನೆ. ಅಂದರೆ ತತ್ತ್ವ ಪೂರ್ತಿಯಾಗಿ ತಿಳಿದಿತ್ತು. ಆದರೂ ಕೆಲಸಕ್ಕೆ ಬರುವ ಯಂತ್ರ ಹುಟ್ಟಲು 132 ವರ್ಷ ಬೇಕಾಯಿತು. ಲಂಡನ್ನಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ.

ಇಷ್ಟು ವಿಳಂಬಕ್ಕೆ ಕಾರಣ ಸೋರಿಕೆ. ಪಿಸ್ಟನ್ ಸರಾಗವಾಗಿ ಜಾರಬೇಕಾದರೆ ಅದಕ್ಕೂ ಉರುಳೆಗೂ ನಡುವೆ ಸಂದು ಇರಲೇಬೇಕು. ಸಂದು ಇದ್ದರೆ ಒತ್ತಡದ ನೀರು ಅಲ್ಲಿಂದ ಚಿಮ್ಮುತ್ತದೆ. ಸೆಣಬನ್ನೋ ಬಟ್ಟೆಯನ್ನೋ ಬಿಗಿಯಾಗಿ ತುರುಕಿದರೆ ಸೋರಿಕೆ ನಿಲ್ಲುತ್ತದೆ, ಜೊತೆಗೆ ಪಿಸ್ಟನ್ನೂ ನಿಲ್ಲುತ್ತದೆ! ಬ್ರಾಮಾನ ಕಾರ್ಖಾನೆಯಲ್ಲಿ ಆಗ ಹೆನ್ರಿ ಮಾಡ್ಸ್‌ಲೇ ಎಂಬ ಯುವಕ ದುಡಿಯುತ್ತಿದ್ದ. ಮುಂದೆ ಲೇತ್ ಯಂತ್ರಕ್ಕೆ ನಿಖರತೆ ತಂದು ಹೆಸರಾದವನು ಇವನೇ. ತೊಗಲಿನ ಪಟ್ಟಿಯನ್ನು ಇಂಗ್ಲಿಷಿನ ಯು ಅಕ್ಷರದ ಆಕಾರಕ್ಕೆ ಮಡಿಸಿ, ಅದರ ಬಾಯಿ ನೀರಿನ ಕಡೆಗೆ ಇರುವಂತೆ ಉರುಳೆಯ ಕತ್ತಿನಲ್ಲಿ ಕೂರಿಸುವ ಉಪಾಯ ಅವನದೆಂದು ಅವನ ಕೈಕೆಳಗೆ ಪಳಗಿದ ಜೇಮ್ಸ್ ನೇಸ್ಮಿತ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನೀರಿನ ಒತ್ತಡ ಏರಿದಂತೆಲ್ಲ ಅದು ಮಡಿಕೆಯೊಳಗೆ ನುಗ್ಗಿ ತೊಗಲಿನ ಎರಡೂ ತುಟಿಗಳನ್ನು ಅಗಲಿಸುತ್ತದೆ. ಒಂದು ತುಟಿ ಉರುಳೆಗೂ ಇನ್ನೊಂದು ಪಿಸ್ಟನ್ನಿಗೂ ಒತ್ತಿಕೊಳ್ಳುತ್ತದೆ. ಸೋರಲು ಹವಣಿಸುವ ಒತ್ತಡವೇ ಸೋರಿಕೆಯನ್ನು ತಡೆಯುತ್ತದೆ. ಒತ್ತಡ ಇಳಿದಾಗ ತೊಗಲು ಸಡಿಲವಾಗುವುದರಿಂದ ಪಿಸ್ಟನ್ ಸಲೀಸಾಗಿ ಹಿಂದೆ ಸರಿಯುತ್ತದೆ.

ಈ ಕೊನೆಯ ವಾಕ್ಯದಲ್ಲೇ ಮುಂದಿನ ತೊಂದರೆಯೂ ಅಡಗಿದೆ. ಒತ್ತಡವಿದ್ದಾಗ ಮಾತ್ರ ಬಿಗಿಯುವ ಸೀಲ್, ಒತ್ತಡವಿಲ್ಲದಾಗ ಬಾಗಿಲು ತೆರೆದಿಟ್ಟಂತೆ. ಒಳಗಿನ ಒತ್ತಡ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಕೊಂಚ ತಗ್ಗಿದರೂ ಸಾಕು, ದ್ರವ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪ್ರೆಸ್ಸಿನಲ್ಲಿ ಇದು ದೊಡ್ಡ ವಿಷಯವಲ್ಲ, ನಾಲ್ಕು ಸಲ ಹೆಚ್ಚು ಪಂಪು ಹೊಡೆದರೆ ಆಯಿತು. ಹಡಗಿನಲ್ಲಿ ಹಾಗಲ್ಲ.

ಬಲವಲ್ಲ, ಸುದ್ದಿ

ಮುಂದುವರಿಯುವ ಮೊದಲು ಒಂದು ಮಾತು. ಹಡಗಿನ ಹಿಂಬದಿಯಲ್ಲಿ ನೀರಿನೊಳಗೆ ಎಡಬಲಕ್ಕೆ ಹೊರಳುವ ಹಲಗೆಯನ್ನು ಇಲ್ಲಿ ಚುಕ್ಕಾಣಿ ಎಂದೂ, ನಾವಿಕ ಕೈಯಲ್ಲಿ ಹಿಡಿದು ತಿರುಗಿಸುವುದನ್ನು ಚುಕ್ಕಾಣಿ ಚಕ್ರ ಎಂದೂ ಕರೆದಿದ್ದೇನೆ.

ಹಾಯಿಹಡಗುಗಳ ಕಾಲದಲ್ಲಿ ಚಕ್ರದಿಂದ ಚುಕ್ಕಾಣಿಗೆ ಹಗ್ಗ ಅಥವಾ ಸರಪಳಿ ಇರುತ್ತಿತ್ತು. ಕಬ್ಬಿಣದ ಉಗಿಹಡಗುಗಳು ಬಂದ ಮೇಲೆ ಚುಕ್ಕಾಣಿಯ ಗಾತ್ರವೂ ಹಡಗಿನ ವೇಗವೂ ಏರಿ, ಬಿರುಗಾಳಿಯಲ್ಲಿ ಒಂದು ಚಕ್ರಕ್ಕೆ ಹತ್ತಾರು ನಾವಿಕರು ಜೋತುಬೀಳುವ ಸ್ಥಿತಿ ಒದಗಿತು. ಬ್ರೂನೆಲ್ ಕಟ್ಟಿದ 211 ಮೀಟರ್ ಉದ್ದದ ಗ್ರೇಟ್ ಈಸ್ಟರ್ನ್ ಹಡಗು 1861ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿದಾಗ ಅದರ ಚುಕ್ಕಾಣಿಯ ಕಂಬವೇ ಮುರಿಯಿತು. ಪ್ರಯಾಣಿಕರಲ್ಲಿ ಒಬ್ಬನಾಗಿದ್ದ ಹ್ಯಾಮಿಲ್ಟನ್ ಟೌಲ್ ಎಂಬ ಅಮೆರಿಕದ ಎಂಜಿನಿಯರ್ ಮುರಿದ ಕಂಬಕ್ಕೆ ಸರಪಳಿ ಸುತ್ತಿಸಿ ಹಡಗನ್ನು ಹತೋಟಿಗೆ ತಂದ. ಕೆಲವು ವರ್ಷಗಳ ನಂತರ ಇದೇ ಹಡಗಿಗೆ ಜಾನ್ ಮ್ಯಾಕ್‌ಫರ್ಲೇನ್ ಗ್ರೇ ರೂಪಿಸಿದ ಉಗಿಯಂತ್ರದ ಚುಕ್ಕಾಣಿ ಬಂತು. ಚುಕ್ಕಾಣಿ ಎಷ್ಟು ಹೊರಳಿದೆ ಎಂಬುದನ್ನು ಯಂತ್ರಕ್ಕೇ ಮರಳಿ ತಿಳಿಸಿ, ಬೇಕಾದ ಕೋನ ತಲಪಿದಾಗ ಉಗಿಯನ್ನು ತಾನಾಗಿ ಮುಚ್ಚುವ ವ್ಯವಸ್ಥೆ ಅದರಲ್ಲಿತ್ತು. ಇಂದು ಫೀಡ್‌ಬ್ಯಾಕ್ ಎನ್ನುವುದು ಇದನ್ನೇ. ಫ್ರಾನ್ಸಿನ ಫಾರ್ಕೋ 1873ರಲ್ಲಿ ಇಂಥ ಯಂತ್ರಗಳ ಮೇಲೆ ಪುಸ್ತಕ ಬರೆದು ಅವಕ್ಕೆ ಸರ್ವೋ ಮೋಟಾರ್ ಎಂಬ ಹೆಸರಿಟ್ಟ. ಸೈಬರ್ನೆಟಿಕ್ಸ್ ಎಂಬ ಪದವನ್ನು ನಾರ್ಬರ್ಟ್ ವೀನರ್ ಆಯ್ದುಕೊಂಡದ್ದು ಚುಕ್ಕಾಣಿಗ ಎಂಬ ಅರ್ಥದ ಗ್ರೀಕ್ ಪದದಿಂದ ಎಂಬುದು ಇಲ್ಲಿ ನೆನಪಾಗುತ್ತದೆ.

ಬಲದ ಸಮಸ್ಯೆ ಹೀಗೆ ಉಗಿಯಿಂದ ಪರಿಹಾರವಾಯಿತು. ಉಳಿದದ್ದು ದೂರದ ಸಮಸ್ಯೆ. ಚಕ್ರ ಇರುವುದು ಹಡಗಿನ ಮುಂಭಾಗದ ಎತ್ತರದ ಅಟ್ಟದ ಮೇಲೆ. ಉಗಿಯಂತ್ರ ಇರುವುದು ಹಿಂಬದಿಯಲ್ಲಿ, ನೂರಾರು ಮೀಟರ್ ಆಚೆ. ಸರಪಳಿ ಎಳೆದರೆ ಹಿಗ್ಗುತ್ತದೆ, ತುಕ್ಕು ಹಿಡಿಯುತ್ತದೆ. ಉದ್ದ ದಂಡಗಳನ್ನು ಜೋಡಿಸಿದರೆ ಹಡಗು ಅಲೆಯ ಮೇಲೆ ಬಾಗಿದಾಗ ಅವು ಹಿಡಿದುಕೊಳ್ಳುತ್ತವೆ. ಎಡಿನ್‌ಬರೋ ನಗರದ ಆಂಡ್ರ್ಯೂ ಬೆಟ್ಸ್ ಬ್ರೌನ್ ಇದಕ್ಕೆ ಒದಗಿಸಿದ ಉತ್ತರವೇ ಟೆಲಿಮೋಟಾರ್. 1880ರ ದಶಕದ ಕೊನೆಯ ಹೊತ್ತಿಗೆ ಅದು ಬಳಕೆಗೆ ಬಂತು. ಚಕ್ರದ ಬುಡದಲ್ಲಿ ಒಂದು ಜೊತೆ ಸಣ್ಣ ಉರುಳೆಗಳು, ಹಿಂಬದಿಯಲ್ಲಿ ಅಂಥವೇ ಇನ್ನೊಂದು ಜೊತೆ, ನಡುವೆ ಬೆರಳು ಗಾತ್ರದ ಎರಡು ತಾಮ್ರದ ಕೊಳವೆಗಳು. ಚಕ್ರ ತಿರುಗಿಸಿದರೆ ಒಂದು ಕೊಳವೆಯ ದ್ರವ ಹಿಂದಕ್ಕೆ ಒತ್ತಿಕೊಂಡು ಹೋಗುತ್ತದೆ, ಇನ್ನೊಂದರದು ಮುಂದಕ್ಕೆ ಬರುತ್ತದೆ. ಆ ಕೊನೆಯಲ್ಲಿರುವ ಪಿಸ್ಟನ್ ಉಗಿಯಂತ್ರದ ಕವಾಟವನ್ನು ಸರಿಸುತ್ತದೆ, ಅಷ್ಟೆ. ಪ್ಯಾಸ್ಕಲ್ ನಿಯಮ ಇಲ್ಲಿ ಹೊತ್ತೊಯ್ಯುತ್ತಿದ್ದದ್ದು ಬಲವನ್ನಲ್ಲ, ಸುದ್ದಿಯನ್ನು. ಚಳಿಯಲ್ಲಿ ಹೆಪ್ಪುಗಟ್ಟದಿರಲೆಂದು ನೀರಿಗೆ ಗ್ಲಿಸರಿನ್ ಬೆರೆಸುತ್ತಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಇದ್ದದ್ದೂ ಬ್ರೌನ್ ಮಾದರಿಯ ಟೆಲಿಮೋಟಾರೇ. ಮರದ ಚಕ್ರ ಕೊಳೆತು ಹೋದರೂ ಅದರ ಕಂಚಿನ ಬುಡ ಸಾಗರತಳದಲ್ಲಿ ನಿಂತೇ ಇರುವುದನ್ನು ಶೋಧಕರು ಚಿತ್ರಿಸಿದ್ದಾರೆ.

ಸುದ್ದಿ ಒಯ್ಯುವ ದ್ರವದಲ್ಲಿ ಗುಳ್ಳೆಯಿದ್ದರೆ ಏನಾಗುತ್ತದೆ? ಚಕ್ರ ತಿರುಗುತ್ತದೆ, ಗುಳ್ಳೆ ಕುಗ್ಗುತ್ತದೆ, ಆ ತುದಿಯ ಪಿಸ್ಟನ್ ಅಲುಗುವುದಿಲ್ಲ. ಇನ್ನಷ್ಟು ತಿರುಗಿಸಿದಾಗ ಥಟ್ಟನೆ ನೆಗೆಯುತ್ತದೆ. ಚಕ್ರದ ಸೂಚಿ ಹತ್ತು ಡಿಗ್ರಿ ಎನ್ನುತ್ತದೆ, ಚುಕ್ಕಾಣಿ ಆರರಲ್ಲಿರುತ್ತದೆ. ಟೆಲಿಮೋಟಾರಿನ ರಚನೆಯಲ್ಲಿ ಅರ್ಧ ಭಾಗ ಈ ಸುಳ್ಳನ್ನು ತಪ್ಪಿಸುವುದಕ್ಕೇ ಮೀಸಲು. ದ್ರವದ ತೊಟ್ಟಿಯನ್ನು ಎಲ್ಲಕ್ಕಿಂತ ಎತ್ತರದಲ್ಲಿ, ಚಕ್ರದ ಬಳಿಯೇ ಇಟ್ಟರು. ಆಗ ಕೊಳವೆಯ ಯಾವ ಭಾಗದಲ್ಲೂ ಒತ್ತಡ ವಾಯುಮಂಡಲಕ್ಕಿಂತ ಸುಲಭವಾಗಿ ತಗ್ಗುವುದಿಲ್ಲ. ಸೀಲ್ ಸಡಿಲವಾದರೆ ದ್ರವ ತೊಟ್ಟಿಕ್ಕೀತೇ ಹೊರತು ಗಾಳಿ ನುಸುಳದು. ತೊಟ್ಟಿಕ್ಕುವುದು ಕಣ್ಣಿಗೆ ಕಾಣುತ್ತದೆ, ನುಸುಳುವುದು ಕಾಣುವುದಿಲ್ಲ. ಎರಡು ಕೆಡುಕುಗಳಲ್ಲಿ ಕಾಣುವ ಕೆಡುಕನ್ನು ಆರಿಸಿಕೊಂಡದ್ದು ಜಾಣತನ. ಇನ್ನೊಂದು ಉಪಾಯವೆಂದರೆ, ಚಕ್ರ ನಡುಸ್ಥಾನಕ್ಕೆ ಬಂದಾಗಲೆಲ್ಲ ಎರಡೂ ಕೊಳವೆಗಳು ತೊಟ್ಟಿಗೆ ತೆರೆದುಕೊಳ್ಳುವಂತೆ ಒಂದು ಕವಾಟ. ಸೋರಿದಷ್ಟು ದ್ರವ ಆಗ ತುಂಬಿಕೊಳ್ಳುತ್ತದೆ, ಬಿಸಿಲಿಗೆ ಹಿಗ್ಗಿದ್ದು ತೊಟ್ಟಿಗೆ ಮರಳುತ್ತದೆ.

ಹೊಸದಾಗಿ ದ್ರವ ತುಂಬುವಾಗ ಹಿಂಬದಿಯಿಂದ ಕೈಪಂಪಿನಲ್ಲಿ ಒತ್ತುತ್ತಿದ್ದರು. ಅದು ಒಂದು ಕೊಳವೆಯಲ್ಲಿ ಮೇಲೇರಿ, ತೊಟ್ಟಿಗೆ ಬಂದು, ಅಲ್ಲಿ ಗುಳ್ಳೆಗಳು ಏಳುವುದು ಪೂರ್ತಿ ನಿಲ್ಲುವ ತನಕ ಪಂಪು ನಿಲ್ಲಿಸುವಂತಿರಲಿಲ್ಲ. 12 ಮಿಲಿಮೀಟರ್ ಒಳವ್ಯಾಸದ, 200 ಮೀಟರ್ ಉದ್ದದ ಒಂದು ಕೊಳವೆಗೆ 22 ಲೀಟರಿಗೂ ಹೆಚ್ಚು ದ್ರವ ಬೇಕು. ನೀವೇ ಲೆಕ್ಕ ಹಾಕಿ ನೋಡಿ. ಬಳಿಕ ಪರೀಕ್ಷೆ: ಚಕ್ರವನ್ನು ಒಂದು ಕೊನೆಗೆ ತಿರುಗಿಸಿ ಹಿಡಿದುಕೊಂಡು ಒತ್ತಡಮಾಪಕ ನೋಡುವುದು. ಮುಳ್ಳು ಮೆಲ್ಲಗೆ ಇಳಿದರೆ ಎಲ್ಲೋ ಸೋರಿಕೆ. ಮುಳ್ಳು ಇಳಿಯದೆ, ಚಕ್ರ ಮಾತ್ರ ಸ್ಪ್ರಿಂಗಿನಂತೆ ಕೈಯನ್ನು ಹಿಂದಕ್ಕೆ ತಳ್ಳಿದರೆ ಗಾಳಿ.

ಎಣ್ಣೆಯ ಯುಗ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಗಿಯಂತ್ರದ ಜಾಗಕ್ಕೆ ವಿದ್ಯುತ್ ಮೋಟಾರು ಮತ್ತು ಎಣ್ಣೆಯ ಪಂಪು ಬಂದವು. ಈ ಪಂಪುಗಳಲ್ಲಿ ಹೆಸರಾದ ಒಂದನ್ನು ರೂಪಿಸಿದವನು ಹೆನ್ರಿ ಹೀಲ್-ಶಾ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇವನ ಪರಿಚಯ ಬೇರೆ ದಾರಿಯಲ್ಲಿ ಆಗುತ್ತದೆ: ಎರಡು ಗಾಜಿನ ಹಲಗೆಗಳ ನಡುವಿನ ಕಿರುಸಂದಿಯಲ್ಲಿ ದ್ರವ ಹರಿಯುವುದನ್ನು ತೋರಿಸುವ ಹೀಲ್-ಶಾ ಕೋಶ ಇವನದೇ. ದ್ರವದ ಹರಿವನ್ನು ಪ್ರಯೋಗಶಾಲೆಯಲ್ಲಿ ಕಂಡವನು ಹಡಗಿನ ಪಂಪಿಗೂ ಕೈಹಾಕಿದ್ದು ನನಗೆ ಸಂತೋಷ ಕೊಡುವ ಸಂಗತಿ. ಅಂದಿನಿಂದ ದ್ರವದ ಕೆಲಸ ಬರಿಯ ಸುದ್ದಿಯಲ್ಲ, ಬಲವೂ ಅದರದೇ ಆಯಿತು.

ನೀರಿಗಿಂತ ಎಣ್ಣೆ ಅನೇಕ ವಿಧದಲ್ಲಿ ಮೇಲು. ತುಕ್ಕು ಹಿಡಿಸುವುದಿಲ್ಲ, ಜಾರಿಕೆ ಕೊಡುತ್ತದೆ, ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಗಾಳಿಯ ವಿಷಯದಲ್ಲಿ ಮಾತ್ರ ಅದು ನೀರಿಗಿಂತ ಕೆಟ್ಟದ್ದು. ಕೋಣೆಯ ಉಷ್ಣತೆಯಲ್ಲಿ ನೀರು ತನ್ನ ಗಾತ್ರದ ಸುಮಾರು 2 ಶೇಕಡಾ ಗಾಳಿಯನ್ನು ಕರಗಿಸಿಕೊಂಡರೆ, ಖನಿಜ ತೈಲ ಸುಮಾರು 9 ಶೇಕಡಾ ಕರಗಿಸಿಕೊಳ್ಳುತ್ತದೆ. ಕರಗಿದ ಗಾಳಿಯಿಂದ ತೊಂದರೆಯಿಲ್ಲ. ಹೆನ್ರಿಯ ನಿಯಮದಂತೆ ಒತ್ತಡ ಇಳಿದಾಗ ಅದು ಗುಳ್ಳೆಯಾಗಿ ಹೊರಬೀಳುವುದೇ ತೊಂದರೆ. ನಿನ್ನೆ ಗಾಳಿ ತೆಗೆದಿಟ್ಟ ಯಂತ್ರದಲ್ಲಿ ಇಂದು ಮತ್ತೆ ಗುಳ್ಳೆ ಕಾಣುವುದಕ್ಕೆ ಇದೊಂದು ಕಾರಣ.

ಗುಳ್ಳೆಯ ಹಾವಳಿ ಎಷ್ಟೆಂದು ಸ್ವಲ್ಪ ಲೆಕ್ಕ ಮಾಡೋಣ. ಎಣ್ಣೆಯ ಬಲ್ಕ್ ಮಾಡ್ಯುಲಸ್ ಸುಮಾರು 150 ಕೋಟಿ ಪ್ಯಾಸ್ಕಲ್. ವಾಯುಮಂಡಲದ ಒತ್ತಡದಲ್ಲಿರುವ ಗಾಳಿಯದು, ಉಷ್ಣತೆ ಬದಲಾಗದಿದ್ದರೆ, ಕೇವಲ ಒಂದು ಲಕ್ಷ ಪ್ಯಾಸ್ಕಲ್. ಹದಿನೈದು ಸಾವಿರ ಪಟ್ಟು ವ್ಯತ್ಯಾಸ! ಒಂದು ಲೀಟರ್ ಎಣ್ಣೆಯಲ್ಲಿ 10 ಮಿಲಿಲೀಟರ್ ಗಾಳಿ ಸೇರಿದೆ ಎನ್ನಿ. ಒತ್ತಡವನ್ನು ವಾಯುಮಂಡಲದ 50 ಪಟ್ಟು ಏರಿಸಿದರೆ ಬಾಯ್ಲ್ ನಿಯಮದ ಪ್ರಕಾರ ಗಾಳಿ 0.2 ಮಿಲಿಲೀಟರಿಗೆ ಕುಗ್ಗುತ್ತದೆ. ಎಣ್ಣೆ ಸುಮಾರು 3 ಮಿಲಿಲೀಟರಿನಷ್ಟು ಮಾತ್ರ ಕುಗ್ಗುತ್ತದೆ. ನೂರರಲ್ಲಿ ಒಂದು ಪಾಲಿನಷ್ಟಿರುವ ಗಾಳಿ ಉಳಿದ 99 ಪಾಲು ಎಣ್ಣೆಯ ಮೂರು ಪಟ್ಟು ಚಲನೆಯನ್ನು ನುಂಗಿತು. ಒಂದು ಸುತ್ತಿಗೆ 30 ಮಿಲಿಲೀಟರ್ ಎಣ್ಣೆ ತಳ್ಳುವ ಸಣ್ಣ ದೋಣಿಯ ಚಕ್ರವಾದರೆ, ಸುತ್ತಿನ ಮೂರನೆಯ ಒಂದು ಭಾಗ ಗುಳ್ಳೆ ಹಿಂಡುವುದರಲ್ಲೇ ಕಳೆದುಹೋಗುತ್ತದೆ. ಗ್ಯಾರೇಜಿನಲ್ಲಿ ಬ್ರೇಕಿಗೆ ಏರ್ ಹಿಡಿದಿದೆ ಎನ್ನುವುದೂ, ಪೆಡಲ್ಲನ್ನು ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕು ಸಿಗುವುದೂ ಇದೇ ಲೆಕ್ಕ. ಎರಡು ಸಿರಿಂಜುಗಳನ್ನು ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ ನೀರು ತುಂಬಿ, ಮೊದಲು ಗುಳ್ಳೆಯಿಲ್ಲದೆ, ಬಳಿಕ ಬೇಕೆಂದೇ ಒಂದು ಗುಳ್ಳೆ ಬಿಟ್ಟು ತರಗತಿಯಲ್ಲಿ ತೋರಿಸಬಹುದು. ಐದು ನಿಮಿಷದ ಪ್ರಯೋಗ.

ಇಂದಿನ ಸಣ್ಣ ಮೋಟಾರು ದೋಣಿಗಳ ಹೈಡ್ರಾಲಿಕ್ ಚುಕ್ಕಾಣಿಗೆ ದಾರಿ ಮಾಡಿದ ವಸ್ತು ಒಂದು ರಬ್ಬರ್ ಉಂಗುರ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕ ಸೇರಿದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಓ-ರಿಂಗ್ ಸೀಲಿಗೆ ಪೇಟೆಂಟ್ ಅರ್ಜಿ ಹಾಕಿದ. 1939ರಲ್ಲಿ ಪೇಟೆಂಟ್ ದೊರೆಯಿತು. ಉಂಗುರವನ್ನು ಅದರ ದಪ್ಪಕ್ಕಿಂತ ತುಸು ಕಡಿಮೆ ಆಳದ, ಸಾಕಷ್ಟು ಅಗಲದ ಗಾಡಿಯಲ್ಲಿ ಕೂರಿಸಿದ್ದರಿಂದ ಅದು ಯಾವಾಗಲೂ ಅಲ್ಪ ಅದುಮಿಕೊಂಡೇ ಇರುತ್ತದೆ. ಒತ್ತಡ ಬಂದರೆ ಮಾಡ್ಸ್‌ಲೇಯ ತೊಗಲಿನಂತೆ ಇನ್ನಷ್ಟು ಬಿಗಿಯುತ್ತದೆ, ಒತ್ತಡ ಇಲ್ಲದಾಗಲೂ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಹಾಗಿದ್ದರೂ ರಬ್ಬರ್ ಸವೆಯುತ್ತದೆ, ಒಡೆಯುತ್ತದೆ. ದೋಣಿ ರಿಪೇರಿಯವರ ಕ್ರಮದಲ್ಲಿ ಮೊದಲು ಸೋರಿಕೆ, ಆಮೇಲೆ ಗಾಳಿ. ಸೋರಿಕೆ ಮುಚ್ಚದೆ ಗಾಳಿ ತೆಗೆಯುವುದು ತೂತುಬಿಂದಿಗೆಗೆ ನೀರು ತುಂಬಿದಂತೆ. ಉರುಳೆಯ ದಂಡದ ಸುತ್ತ ಜಿಡ್ಡು ಕಂಡರೆ ಅಲ್ಲಿನ ಸೀಲ್ ಹೋಗಿದೆ. ಎಲ್ಲೂ ಜಿಡ್ಡಿಲ್ಲದೆ, ಚಕ್ರ ಮಾತ್ರ ಕೊನೆ ಮುಟ್ಟಿದ ಮೇಲೂ ಮೆಲ್ಲನೆ ತಿರುಗುತ್ತಲೇ ಇದ್ದರೆ ಎಣ್ಣೆ ಪಿಸ್ಟನ್ನಿನ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಅಥವಾ ಪಂಪಿನ ಕವಾಟ ದಾಟಿ ಒಳಗೊಳಗೇ ಸೋರುತ್ತಿದೆ. ಆಮೇಲೆ ಎತ್ತರದ ಚಕ್ರದ ಬಳಿ ಎಣ್ಣೆ ಬಾಟಲಿ ಬೋರಲು ಹಾಕಿ, ಉರುಳೆಯ ತಿರುಪು ಸಡಿಲಿಸಿ, ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ನಿಲ್ಲುವವರೆಗೆ ಚಕ್ರವನ್ನು ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತಾರೆ. ಬಳಿಕ ಇನ್ನೊಂದು ದಿಕ್ಕಿಗೆ. ನಿಧಾನ ಏಕೆ? ಸ್ಟೋಕ್ಸ್ ನಿಯಮ. ಗುಳ್ಳೆ ಮೇಲೇರುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿದೆ. ಸಾಮಾನ್ಯ ಹೈಡ್ರಾಲಿಕ್ ಎಣ್ಣೆಯಲ್ಲಿ 1 ಮಿಲಿಮೀಟರ್ ಗುಳ್ಳೆ ಒಂದು ಮೀಟರ್ ಏರಲು ಸುಮಾರು ಒಂದು ನಿಮಿಷ ಸಾಕು. ರಭಸದಿಂದ ತಿರುಗಿಸಿ ಅದನ್ನು 0.1 ಮಿಲಿಮೀಟರಿನ ನೊರೆಯಾಗಿ ಒಡೆದರೆ ನೂರು ಪಟ್ಟು, ಅಂದರೆ ಒಂದೂವರೆ ಗಂಟೆಗೂ ಮೇಲೆ ಕಾಯಬೇಕು.

1978ರ ಮಾರ್ಚ್ 16

ಕಾಯಲು ಸಮಯವೇ ಇಲ್ಲದ ಕಡೆ ಇದೇ ಕೆಲಸ ಮಾಡಬೇಕಾಗಿ ಬಂದ ದಿನ ಇದು. ಅಮೋಕೊ ಕಾಡಿಜ್ ಸ್ಪೇನಿನ ಕಾಡಿಜ್‌ನಲ್ಲಿ ಕಟ್ಟಿದ, 1974ರಲ್ಲಿ ಸಿದ್ಧವಾದ, ಸುಮಾರು 330 ಮೀಟರ್ ಉದ್ದದ ತೈಲ ಹಡಗು. ಪರ್ಷಿಯಾ ಕೊಲ್ಲಿಯಿಂದ ಸುಮಾರು 2,20,000 ಟನ್ ಕಚ್ಚಾ ತೈಲ ಹೊತ್ತು ಯುರೋಪಿಗೆ ಬರುತ್ತಿತ್ತು. ಫ್ರಾನ್ಸಿನ ಬ್ರಿಟನಿ ತೀರದಾಚೆ, ಬಿರುಗಾಳಿಯಲ್ಲಿ, ಬೆಳಗಿನ 9.45ರ ಸುಮಾರಿಗೆ ಚುಕ್ಕಾಣಿ ಚಕ್ರಕ್ಕೆ ಹಡಗು ಓಗೊಡುವುದು ನಿಂತಿತು. ಚುಕ್ಕಾಣಿಯನ್ನು ತಳ್ಳುವ ಎಣ್ಣೆ ಉರುಳೆಗಳಿಗೆ ಹೋಗುವ ಕೊಳವೆಯ ಜೋಡಣೆಯಲ್ಲಿ ತಿರುಪುಗಳು ಕಿತ್ತು, ಎಣ್ಣೆ ಹೊರಗೆ ಚಿಮ್ಮಿತ್ತು.

ಎಂಜಿನಿಯರುಗಳು ಸೋರುವ ಭಾಗವನ್ನು ಬೇರ್ಪಡಿಸಿ, ಎಣ್ಣೆ ತುಂಬಿ, ಗಾಳಿ ಹೊರಡಿಸಲು ಹೆಣಗಿದರು. ಇಲ್ಲಿನ ಭೌತವಿಜ್ಞಾನವನ್ನು ಗಮನಿಸಿ. ಎಣ್ಣೆಯ ಹಿಡಿತ ತಪ್ಪಿದ ಚುಕ್ಕಾಣಿಯನ್ನು ಅಲೆಗಳು ಎಡಕ್ಕೂ ಬಲಕ್ಕೂ ಬಡಿಯುತ್ತಿದ್ದವು. ಅದು ಹೊರಳಿದಾಗಲೆಲ್ಲ ಒಂದು ಮಗ್ಗುಲ ಉರುಳೆಯಿಂದ ಎಣ್ಣೆ ಹೊರಗೆ ತಳ್ಳಿಸಿಕೊಳ್ಳುತ್ತದೆ, ಇನ್ನೊಂದು ಮಗ್ಗುಲ ಉರುಳೆಯಲ್ಲಿ ಒತ್ತಡ ತಗ್ಗಿ ಗಾಳಿ ಸೆಳೆಯಲ್ಪಡುತ್ತದೆ. ಪಂಪು ಚುಕ್ಕಾಣಿಯನ್ನು ನಡೆಸಬೇಕಾದಲ್ಲಿ ಚುಕ್ಕಾಣಿಯೇ ಪಂಪಾಗಿಬಿಟ್ಟಿತ್ತು. ಸರಪಳಿ ಬಿಗಿದು ಅದನ್ನು ನಿಲ್ಲಿಸುವ ಯತ್ನವೂ ಫಲಿಸಲಿಲ್ಲ. ಹಡಗು ಹತೋಟಿಯಲ್ಲಿಲ್ಲ ಎಂಬ ಸಂದೇಶ 10.20ಕ್ಕೆ ಹೊರಟಿತು, ಎಳೆಹಡಗಿನ ನೆರವು ಕೋರಿದ್ದು 11.20ಕ್ಕೆ. ರಿಪೇರಿ ಆದೀತೆಂಬ ನಂಬಿಕೆಯಲ್ಲಿ ಆ ಒಂದೂವರೆ ಗಂಟೆ ಹೋಯಿತೆಂದು ನನಗೆ ತೋರುತ್ತದೆ. ಜರ್ಮನಿಯ ಪೆಸಿಫಿಕ್ ಎಂಬ ಎಳೆಹಡಗು ಮಧ್ಯಾಹ್ನ ಬಂದು ಕಟ್ಟಿದ ಹಗ್ಗ ಸಂಜೆ 4.15ರ ಹೊತ್ತಿಗೆ ತುಂಡಾಯಿತು. ರಾತ್ರಿ ಮತ್ತೆ ಕಟ್ಟಿದರೂ ಗಾಳಿಯ ರಭಸಕ್ಕೆ ಎಳೆತ ಸಾಲದಾಯಿತು. ಒಂಬತ್ತು ದಾಟಿದ ಕೆಲವೇ ನಿಮಿಷಗಳಲ್ಲಿ ಪೋರ್ಟ್‌ಸಾಲ್ ಊರಿನ ಬಳಿಯ ಬಂಡೆಗಳಿಗೆ ಹಡಗು ಬಡಿಯಿತು. ಸಿಬ್ಬಂದಿಯನ್ನು ಫ್ರೆಂಚ್ ನೌಕಾದಳದ ಹೆಲಿಕಾಪ್ಟರುಗಳು ಎತ್ತಿಕೊಂಡವು. ಮರುದಿನ ಹಡಗು ಎರಡಾಗಿ ಮುರಿದು, ಹೊತ್ತಿದ್ದ ತೈಲವೆಲ್ಲ ಕಡಲು ಸೇರಿತು. 300 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಗೆ ಅದು ಮೆತ್ತಿಕೊಂಡು, ಸಿಂಪಿ ಸಾಕಣೆಯೂ ಮೀನುಗಾರಿಕೆಯೂ ನೆಲಕಚ್ಚಿದವು, ಸಾವಿರಾರು ಕಡಲಹಕ್ಕಿಗಳು ಸತ್ತವು.

ಮೊಕದ್ದಮೆ ಅಮೆರಿಕದ ಷಿಕಾಗೊ ನ್ಯಾಯಾಲಯದಲ್ಲಿ ನಡೆಯಿತು. 1984ರ ತೀರ್ಪಿನಲ್ಲಿ ನ್ಯಾಯಾಧೀಶ ಫ್ರಾಂಕ್ ಮೆಗಾರ್, ಚುಕ್ಕಾಣಿ ಯಂತ್ರವನ್ನು ಸರಿಯಾಗಿ ಕಾಪಾಡದೆ ಇದ್ದುದಕ್ಕೆ, ಸಿಬ್ಬಂದಿಗೆ ತಕ್ಕ ತರಬೇತಿ ಕೊಡದೆ ಇದ್ದುದಕ್ಕೆ, ಒಂದು ಕೆಟ್ಟರೆ ಇನ್ನೊಂದು ಎಂಬಂಥ ಎರಡನೆಯ ವ್ಯವಸ್ಥೆ ಇಲ್ಲದ್ದಕ್ಕೆ ಅಮೋಕೊ ಕಂಪನಿಯನ್ನು ಹೊಣೆ ಮಾಡಿದರು. ಹಡಗು ಕಟ್ಟಿದವರ ಪಾಲಿನ ತಪ್ಪನ್ನೂ ತೀರ್ಪು ಗುರುತಿಸಿತು. ಪರಿಹಾರದ ಮೊತ್ತ ಅಂತಿಮವಾಗಿ ಇತ್ಯರ್ಥವಾದದ್ದು 1992ರಲ್ಲಿ.

ನಿಯಮಗಳು ಅದಕ್ಕೂ ಮೊದಲೇ ಬದಲಾದವು. ಕಡಲಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ಗೆ 1981ರ ನವೆಂಬರಿನಲ್ಲಿ ತಿದ್ದುಪಡಿ ಮಾಡಿ, 1984ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದರು. ಅಂದಿನಿಂದ ಕಟ್ಟುವ, ಒಟ್ಟು ಗಾತ್ರ 10,000 ಟನ್ನೇಜ್ ಮತ್ತು ಅದಕ್ಕೆ ಮೇಲ್ಪಟ್ಟ ತೈಲ ಹಡಗುಗಳಲ್ಲಿ, ಎಣ್ಣೆ ವ್ಯವಸ್ಥೆಯ ಯಾವುದೇ ಒಂದು ಕಡೆ ಕೆಟ್ಟು ಚುಕ್ಕಾಣಿ ತಪ್ಪಿದರೂ 45 ಸೆಕೆಂಡಿನೊಳಗೆ ಅದು ಮರಳಿ ಕೈಗೆ ಸಿಗಬೇಕು. ಕೆಟ್ಟ ಭಾಗವನ್ನು ಬೇರ್ಪಡಿಸಿ ಇನ್ನೊಂದರಲ್ಲಿ ನಡೆಸುವ ಏರ್ಪಾಡು ಇಲ್ಲದೆ ಇದು ಆಗದ ಮಾತು. ಪ್ರತಿ ಎಣ್ಣೆ ತೊಟ್ಟಿಗೂ ಮಟ್ಟ ಇಳಿದ ಕೂಡಲೇ ಅಟ್ಟದ ಮೇಲೂ ಎಂಜಿನ್ ಕೋಣೆಯಲ್ಲೂ ಎಚ್ಚರಿಸುವ ಅಲಾರಂ ಇರಬೇಕು. ಎಣ್ಣೆಯನ್ನು ಶುದ್ಧವಾಗಿಡುವ ಸಾಧನ ಇರಬೇಕು. ಒಂದು ಇಡೀ ವ್ಯವಸ್ಥೆಯನ್ನು ಹೊಸದಾಗಿ ತುಂಬಲು ಸಾಕಾಗುವಷ್ಟು ಎಣ್ಣೆಯ ಮತ್ತೊಂದು ತೊಟ್ಟಿ, ಮಟ್ಟ ತೋರಿಸುವ ಮಾಪಕದೊಡನೆ, ಶಾಶ್ವತ ಕೊಳವೆಯಿಂದ ಜೋಡಣೆಗೊಂಡು ಸಿದ್ಧವಾಗಿರಬೇಕು. ಚುಕ್ಕಾಣಿ ಯಂತ್ರದ ಕೋಣೆಯಲ್ಲಿ ನಿಂತೇ ಅದರಿಂದ ಎಣ್ಣೆ ತುಂಬುವಂತಿರಬೇಕು.